ವಿಮರ್ಶಕನನ್ನು ಬೆಳೆಸುವ ಬಗೆ

ತರುಣರನ್ನು ಪರದೇಶಗಳಿಗೆ ಕಳುಹಿಸಿ ಅಲ್ಲಿಯ ರಂಗಭೂಮಿಯನ್ನು ತೋರಿಸಿದರೆ, ಅಲ್ಲಿಯ ಪಂಡಿತರನ್ನು ಇಲ್ಲಿಗೆ ಬರಮಾಡಿದರೆ, ನಮ್ಮಲ್ಲಿ ಕಲಾವಿಮರ್ಶಕರು ತಾವಾಗಿಯೇ ಹುಟ್ಟುವರೆಂದು ವಾದಿಸುವ ಮಹನೀಯರುಂಟು. ನಮ್ಮ ಬಯಲಾಟಕ್ಕೂ ನಾಟಕಕ್ಕೂ ಹೊರಗಿನವರ ಅಳತೆಗೋಲು ಏತಕ್ಕೆಂದು ಸಿಡುಕುವವರೂ ಉಂಟು. ಮೊದಲಿನವರು ವಿಮರ್ಶೆಯನ್ನು ಹೊರಗಿನಿಂದ ತರಿಸಿಕೊಳ್ಳಬಹುದಾದ ಸರಕೆಂದು ಬಗೆದಿದ್ದಾರೆ. ಎರಡನೆಯವರು ಅದನ್ನು ಸುಂಕದ ಕಟ್ಟೆಯಲ್ಲಿ ತಡೆಯತಕ್ಕ ಸರಕೆಂದು ಬಗೆದಿದ್ದಾರೆ. ನೋಡಿ, ಕೇಳಿ, ಚರ್ಚಿಸಿ ಕ್ರಮೇಣ ಪಡೆಯತಕ್ಕ ಸಂಸ್ಕಾರವದು ಎಂಬುದನ್ನು ಉಭಯರೂ ಮರೆತಿರುವರು.

ನಮ್ಮ ಸ್ಥಿತಿಯನ್ನೇ ನೋಡೋಣ. ಮಳೆಗಾಲ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಆಟಗಳಿಗೆ ಕೊರತೆಯಿಲ್ಲ. ಊರವರ ನಾಟಕಗಳಿಗೂ ಕೊರತೆಯಿಲ್ಲ. ಆದರೆ ಅವುಗಳ ವಿಷಯವಾಗಿ ಅಚ್ಚಾಗುವುದೇನು? ದೀಪ ಬೆಳಗಿದವರಾರು, ಹಾರ ಹಾಕಿಸಿಕೊಂಡವರಾರು, ಪ್ರೇಕ್ಷಕರ ಮನಸೂರೆಗೊಂಡವರಾರು ಎಂಬಿಷ್ಟೇ. ಭಾಗವತರ ಪದ್ಯದ ನಡೆ ಪ್ರಸಂಗದ ಭಾವಕ್ಕೆ ಹೊಂದಿತೆ, ವೇಷಧಾರಿಯ ಮಾತು ಪಾತ್ರವನ್ನು ಬೆಳೆಸಿತೆ ಅಥವಾ ಚಪ್ಪಾಳೆಯನ್ನು ಬೇಡಿತೆ ಎಂದು ಕೇಳುವವರು ವಿರಳ. ಕಲಾವಿದರು ನೊಂದುಕೊಂಡಾರೆಂಬ ದಾಕ್ಷಿಣ್ಯ ಒಂದು ಕಡೆ. ಹೇಳಲು ಮಾತು ತಿಳಿಯದ ಬಡತನ ಇನ್ನೊಂದು ಕಡೆ. ಇದರ ನಷ್ಟವನ್ನು ತೆರುವವನು ಏಳಿಗೆಗೆ ಬರುತ್ತಿರುವ ಎಳೆಯ ಕಲಾವಿದನು. ಹೊಗಳಿಕೆಯೊಂದನ್ನೇ ಉಂಡು ಬೆಳೆದವನಿಗೆ ತನ್ನ ದೋಷ ತಿಳಿಯುವುದೆಂತು?

ಹಾಗಾದರೆ ಪರದೇಶದ ಸಂಪರ್ಕ ಬೇಡವೆ? ಅಗತ್ಯವಾಗಿ ಬೇಕು, ಆದರೆ ಅದು ಫಲಿಸುವ ಕ್ರಮವೊಂದುಂಟು. ಅದಕ್ಕೆ ನಿದರ್ಶನ ಸಾಗರದ ಸಮೀಪದ ಹೆಗ್ಗೋಡಿನಲ್ಲಿಯೇ ಇದೆ. 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು 1973ರಲ್ಲಿ ಚಿತ್ರಸಮಾಜವನ್ನು ತೆರೆದು, ಅಡಕೆತೋಟಗಳ ನಡುವಿನ ಜನರಿಗೆ ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ತೋರಿಸಿತು. ಸಂಘದ ಜೀವಾಳವಾಗಿದ್ದ ಕೆ. ವಿ. ಸುಬ್ಬಣ್ಣನವರು ತೋರಿಸಿದಷ್ಟಕ್ಕೆ ತೃಪ್ತರಾಗಲಿಲ್ಲ. ಪುಣೆಯಿಂದ ಸತೀಶ ಬಹಾದೂರರನ್ನು ಕರೆಸಿ ರಸಗ್ರಹಣ ಶಿಬಿರಗಳನ್ನು ನಡೆಸಿದರು. ಚಲನಚಿತ್ರವನ್ನು ಕುರಿತು ಕನ್ನಡದಲ್ಲಿಯೇ ಪುಸ್ತಕಗಳನ್ನು ಹೊರತಂದರು. ರಾತ್ರಿ ಕಂಡ ನಾಟಕವನ್ನು ಮರುದಿನ ಬೆಳಿಗ್ಗೆ ಎಲ್ಲರೂ ಕೂಡಿ ಪರಾಮರ್ಶಿಸುವ ಪದ್ಧತಿ ಅಲ್ಲಿಯ ಸಂಸ್ಕೃತಿ ಶಿಬಿರದಲ್ಲಿ ಬೇರೂರಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದುದನ್ನು ನಾವೆಲ್ಲರೂ ಕೊಂಡಾಡಿದೆವು. ಆ ಪದ್ಧತಿಯನ್ನು ನಮ್ಮ ಊರುಗಳಿಗೆ ತಂದವರೆಷ್ಟು ಮಂದಿ?

ಹೋಗಿ ಬಂದವರ ನಿದರ್ಶನವನ್ನೂ ನೋಡಬಹುದು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಸ್ವೀಡನ್ನಿನ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ಕಂಡರು. 1965ರ ‘ಸಂಸ್ಕಾರ’ ಕಾದಂಬರಿಗೆ ಅದು ಪ್ರೇರಣೆಯಾಯಿತು. ಪರದೇಶದ ಚಿತ್ರವು ಅವರ ಕಣ್ಣನ್ನು ಮಲೆನಾಡಿನ ಅಗ್ರಹಾರದತ್ತ ತಿರುಗಿಸಿತು. ಅಗ್ರಹಾರವನ್ನು ಮೊದಲೇ ಬಲ್ಲವರಾಗಿದ್ದುದರಿಂದಲೇ ಅದು ಸಾಧ್ಯವಾಯಿತಲ್ಲವೆ?

ಬಂದು ಹೋದವರಲ್ಲಿ ಅಮೆರಿಕದ ಮಾರ್ತಾ ಆಷ್ಟನ್ ಅವರನ್ನು ನೆನೆಯಬೇಕು. ಉಡುಪಿಯಲ್ಲಿ ನೆಲೆಸಿ, ಹಿರಿಯಡಕ ಗೋಪಾಲರಾಯರ ಬಳಿ ಬಡಗುತಿಟ್ಟಿನ ಯಕ್ಷಗಾನವನ್ನು ಕಲಿತು, ಆ ಬಳಿಕವಷ್ಟೇ ಅವರು ಬ್ರೂಸ್ ಕ್ರಿಸ್ಟಿಯವರೊಡನೆ 1977ರಲ್ಲಿ ಯಕ್ಷಗಾನದ ಮೇಲೆ ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ಕಡಲಾಚೆಯಿಂದ ಬಂದವರು ಹೆಜ್ಜೆ ಕಲಿತು ಬರೆದರು; ಮನೆಯಂಗಳದಲ್ಲೇ ಆಟ ಕಾಣುವ ನಮ್ಮ ಪದವೀಧರರು ತಾಳಭೇದವನ್ನೂ ಅರಿಯದೆ ಬರೆಯಲು ಕೂರುವರು. ಇದು ನಾಚಿಕೆಯ ಸಂಗತಿಯಲ್ಲವೆ?

ಸಿಡುಕುವ ಪಕ್ಷದವರಿಗೂ ಒಂದು ಮಾತು. 1985ರಲ್ಲಿ ಫ್ರಾನ್ಸಿನ ಅವಿನ್ಯೋನಿನಲ್ಲಿ ಪೀಟರ್ ಬ್ರೂಕ್ ಅವರು ಮಹಾಭಾರತವನ್ನು ಆಡಿಸಿದಾಗ ಪಾಶ್ಚಾತ್ಯರಲ್ಲಿ ಅನೇಕರು ಬೆರಗಾದರು. ಕಥೆಯನ್ನು ಅದರ ನೆಲದಿಂದ ಕಿತ್ತು ಬಳಸಲಾಗಿದೆ ಎಂದು ಎದ್ದು ನುಡಿದವರಲ್ಲಿ ರುಸ್ತುಂ ಭರೂಚಾ ಅವರು ಪ್ರಮುಖರು. ಅವರ ಆಕ್ಷೇಪಕ್ಕೆ ತೂಕ ಬಂದುದು ಅವರು ಎರಡೂ ಕಡೆಯ ರಂಗಭೂಮಿಯನ್ನು ಬಲ್ಲವರಾದುದರಿಂದ. ಬಾಗಿಲು ಮುಚ್ಚಿ ಕುಳಿತವನ ಆಕ್ಷೇಪವನ್ನು ಹೊರಗೆ ಯಾರು ಕೇಳುವರು?

ಆದುದರಿಂದ ನಮ್ಮ ಸೂಚನೆ ಇಷ್ಟು. ಮೂರು ತಾಲ್ಲೂಕುಗಳ ಸಾಹಿತ್ಯ ಸಂಘಗಳು ಕೂಡಿ ಹತ್ತು ಮಂದಿ ತರುಣ ತರುಣಿಯರನ್ನು ಆರಿಸಲಿ. ಒಂದು ತಿರುಗಾಟದ ಅವಧಿಯಲ್ಲಿ ಅವರು ಒಂದೇ ಪ್ರಸಂಗವನ್ನು ಬೇರೆಬೇರೆ ಮೇಳಗಳಲ್ಲಿ ನೋಡಲಿ. ಕನ್ನಡದಲ್ಲಿ ಬರೆದು, ಆಡಿದ ಕಲಾವಿದರ ಎದುರಿನಲ್ಲಿಯೇ ಓದಲಿ. ಅವರ ಉತ್ತರವನ್ನು ಕೇಳಲಿ. ಆಮೇಲೆ ಪರದೇಶದ ವಿಮರ್ಶಕರೊಬ್ಬರನ್ನು ಕರೆಯೋಣ. ಅವರು ವೇದಿಕೆಯ ಮೇಲಲ್ಲ, ಈ ಹತ್ತು ಮಂದಿಯ ನಡುವೆ ಕುಳಿತು ಅದೇ ಆಟವನ್ನು ನೋಡಲಿ. 1956ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ರಂಗವಿಮರ್ಶಕರ ಸಂಘವು ತರುಣ ವಿಮರ್ಶಕರಿಗಾಗಿ ಶಿಬಿರಗಳನ್ನು ನಡೆಸುತ್ತ ಬಂದಿದೆ. ಯೋಗ್ಯರಾದವರು ಅಂತಹವುಗಳಿಗೆ ಹೋಗಲಿ. ಹಿಂದಿರುಗಿದವರು ಕಂಡುದನ್ನು ಕನ್ನಡದಲ್ಲಿ ಬರೆದು, ಮೂರೂ ಊರುಗಳಲ್ಲಿ ಓದಿ ಹೇಳತಕ್ಕದ್ದೆಂಬ ಕರಾರು ಇರಲಿ.

ಓದು ಬಾರದವರೂ ಕಾವ್ಯದಲ್ಲಿ ಪರಿಣತರಾಗಿದ್ದ ನಾಡು ಇದೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ನಮ್ಮ ಪೂರ್ವಿಕರನ್ನು ಹೊಗಳಿದೆ. ಆ ಹೊಗಳಿಕೆಗೆ ಓದು ಬಂದ ನಾವು ಇಂದು ಅರ್ಹರೆ? ಈ ಪ್ರಶ್ನೆಯನ್ನು ವಾಚಕರು ತಮ್ಮ ತಮ್ಮ ಮನೆಗಳಲ್ಲಿ ಚರ್ಚಿಸಬೇಕೆಂದೂ, ಮೇಳಗಳು ಮತ್ತೆ ಹೊರಡುವುದರೊಳಗಾಗಿ ಸಂಘಗಳು ಕಾರ್ಯಾರಂಭ ಮಾಡಬೇಕೆಂದೂ ನಮ್ಮ ಬಿನ್ನಹ.