ಫಾರ್ಮ್ಯಾಟ್ ಹೊಡೆಸುವ ಮುನ್ನ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಯಾವ ಪೇಟೆಯ ಕಂಪ್ಯೂಟರ್ ಅಂಗಡಿ ಮುಂದೆ ನಿಂತರೂ ಕಿವಿಗೆ ಬೀಳುವ ಮಾತು ಇದೇ: 'ಏನೋ ವೈರಸ್ ಬಂದದೆ ಕಣಪ್ಪ, ಪಾಸ್‌ವರ್ಡೂ ತಗೋತಾ ಇಲ್ಲ. ಒಂದ್ಸಲ ಫಾರ್ಮ್ಯಾಟ್ ಹೊಡ್ಕೊಟ್‌ಬುಡು.' ಅಂಗಡಿಯವನು ಹೊಡೆದುಕೊಡುತ್ತಾನೆ. ಕೆಲವು ತಿಂಗಳಲ್ಲೇ ಅದೇ ಲ್ಯಾಪ್‌ಟಾಪ್ ಅದೇ ದೂರು ಹೊತ್ತು ವಾಪಸ್ ಬರುತ್ತದೆ. ಇದರಲ್ಲಿ ವೈರಸ್ಸಿನ ಪಾಲು ಕಡಿಮೆ ಎಂಬುದು ನನ್ನ ಅನುಮಾನ. ಯಂತ್ರ ಯಾರ ಹೆಸರಲ್ಲಿದೆ ಎನ್ನುವುದು ಮನೆಯವರಿಗೇ ಗೊತ್ತಿಲ್ಲ, ಕಾಯಿಲೆ ಅಲ್ಲಿದೆ.

ನಮ್ಮ ಕಡೆಯ ಮನೆಗಳಿಗೆ ಲ್ಯಾಪ್‌ಟಾಪ್ ಬಂದ ದಾರಿ ನೋಡಿ. 2019-20ರಲ್ಲಿ ಸರ್ಕಾರಿ ಕಾಲೇಜಿನಲ್ಲಿ ಪದವಿಗೆ ಸೇರಿದ ಮಕ್ಕಳಿಗೆ ಸರ್ಕಾರವೇ ಕೊಟ್ಟಿತು. ಕೋವಿಡ್ ಕಾಲದ ಆನ್‌ಲೈನ್ ಪಾಠಕ್ಕೆಂದು ಹೊಗೆಸೊಪ್ಪಿನ ದುಡ್ಡಲ್ಲಿ ಕೊಂಡವರಿದ್ದಾರೆ. ಮಗಳಿಗೆಂದು ಬಂದದ್ದು ಅಣ್ಣನ ಸಿನಿಮಾಕ್ಕೂ ಆಯಿತು, ಅಪ್ಪನ ಪಹಣಿ ತೆಗೆಯುವುದಕ್ಕೂ ಪಕ್ಕದ ಮನೆ ಹುಡುಗನ ಸ್ಕಾಲರ್‌ಶಿಪ್ ಅರ್ಜಿಗೂ ಆಯಿತು. ಎಲ್ಲರೂ ಹೊಕ್ಕುವುದು ಒಂದೇ ಅಕೌಂಟಿಗೆ, ಅದಕ್ಕೋ ಅಡ್ಮಿನಿಸ್ಟ್ರೇಟರ್ ಅಧಿಕಾರ. ಏನನ್ನೇ ಇನ್‌ಸ್ಟಾಲ್ ಮಾಡಹೊರಟರೂ ವಿಂಡೋಸ್ ಒಮ್ಮೆ ಒಪ್ಪಿಗೆ ಕೇಳುತ್ತದೆ. ಮುಂದೆ ಕೂತವರು ಓದದೆ 'ಯೆಸ್' ಒತ್ತುತ್ತಾರೆ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ವಿಂಡೋಸ್ 11 ಹೋಮ್ ಮೊದಲ ಸಲ ಆನ್ ಆಗುವಾಗಲೇ ಮೈಕ್ರೋಸಾಫ್ಟ್ ಅಕೌಂಟ್ ಕೇಳುತ್ತದೆ. ಮನೆಯವರಿಗೆ ಇಮೇಲ್ ನೆನಪಿರುವುದಿಲ್ಲ, ಅಂಗಡಿ ಹುಡುಗ ತನ್ನದನ್ನೇ ಹಾಕಿ ಮುಗಿಸುತ್ತಾನೆ. ಪಹಣಿ ಒಬ್ಬನ ಹೆಸರಲ್ಲಿ, ಉಳುಮೆ ಇನ್ನೊಬ್ಬನದು ಎಂಬಂಥ ಸ್ಥಿತಿ. ಪಾಸ್‌ವರ್ಡ್ ಮರೆತ ದಿನ ಓಟಿಪಿ ಹೋಗುವುದು ಆ ಹುಡುಗನ ಫೋನಿಗೆ. ಅವನು ಅಷ್ಟರಲ್ಲಿ ಕೆಲಸ ಬಿಟ್ಟು ಬೆಂಗಳೂರು ಸೇರಿರುತ್ತಾನೆ.

ಪಾಸ್‌ವರ್ಡ್ ಮರೆಯುವುದಾದರೂ ಸಣ್ಣ ಪೇಚು. ಬಯೋಸ್ ಅಪ್‌ಡೇಟ್ ಆದ ಮೇಲೋ ಬೋರ್ಡ್ ಬದಲಿಸಿದ ಮೇಲೋ ಕೆಲವು ಯಂತ್ರಗಳು ನೀಲಿ ಪರದೆ ತೋರಿಸಿ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತವೆ. ಅದು 48 ಅಂಕಿಗಳ ಕೀಲಿ. ಮನೆಯಲ್ಲಿ ಯಾರೂ ಬಿಟ್‌ಲಾಕರ್ ಹೆಸರನ್ನೇ ಕೇಳಿರುವುದಿಲ್ಲ, ಏಕೆಂದರೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಈ ಬೀಗ ತಾನಾಗಿ ಬೀಳುತ್ತದೆ. ಕೀಲಿ ಉಳಿದಿರುವುದು, ಮೊದಲು ಹಾಕಿದ ಆ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ. ಅದು ಸಿಗದಿದ್ದರೆ ಫಾರ್ಮ್ಯಾಟ್ ಹೊಡೆದು ಯಂತ್ರವನ್ನು ಬದುಕಿಸಬಹುದು, ಒಳಗಿನ ಮದುವೆ ಫೋಟೊ, ಪ್ರಾಜೆಕ್ಟ್ ವರದಿ ಹೋದವೆಂದೇ ಲೆಕ್ಕ.

ಇನ್ನು ಆ್ಯಂಟಿವೈರಸ್. ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಒಂದು, ಅಂಗಡಿಯಲ್ಲಿ ಕೊಂಡದ್ದು ಇನ್ನೊಂದು, ಮಗ ಇಳಿಸಿಕೊಂಡ 'ಫ್ರೀ' ಮತ್ತೊಂದು. ಬೇರೆ ಆ್ಯಂಟಿವೈರಸ್ ಕೂತಾಗ ವಿಂಡೋಸಿನ ಸ್ವಂತ ಡಿಫೆಂಡರ್ ಬದಿಗೆ ಸರಿಯುತ್ತದೆ. ಕೂತದ್ದರ ಅವಧಿ ಮುಗಿದರೂ ತೆಗೆಯದೆ ಬಿಟ್ಟರೆ ಕೆಲವು ಸಲ ಕಾವಲಿನ ಹೆಸರಿರುತ್ತದೆ, ಕಾವಲಿರುವುದಿಲ್ಲ. ಎರಡು ಮೂರು ಒಟ್ಟಿಗಿದ್ದರಂತೂ ಒಂದನ್ನೊಂದು ಅನುಮಾನಿಸುತ್ತ ಯಂತ್ರವನ್ನೇ ನಿಧಾನ ಮಾಡುತ್ತವೆ. ಮನೆಬಳಕೆಗೆ ಡಿಫೆಂಡರ್ ಸಾಕು ಎನ್ನುವವನು ನಾನು. ಉಳಿದವನ್ನು ಅನ್‌ಇನ್‌ಸ್ಟಾಲ್ ಮಾಡಿ. ಮೊಂಡುಬಿದ್ದರೆ ಅದಕ್ಕೆಂದೇ ಆಯಾ ಕಂಪನಿಗಳು ಉಪಕರಣ ಕೊಡುತ್ತವೆ. ಶಂಕೆ ಇದ್ದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ತಪಾಸಣಾ ಸಾಧನ ನೀಡುತ್ತಿದೆ.

ಪರದೆಯ ಮೂಲೆಯಲ್ಲಿ 'ನಿಮ್ಮ ಕಂಪ್ಯೂಟರಿಗೆ 5 ವೈರಸ್ ತಗುಲಿದೆ' ಎಂದು ಮತ್ತೆ ಮತ್ತೆ ಹಾರುವ ಚೀಟಿ ಹಲವು ಸಲ ವೈರಸ್ಸೇ ಅಲ್ಲ. ಯಾವುದೋ ಸಿನಿಮಾ ಸೈಟಿನಲ್ಲಿ 'ಅಲೋ' ಒತ್ತಿದ್ದರ ಫಲ. ಕ್ರೋಮ್ ಸೆಟ್ಟಿಂಗ್ಸ್‌ನ ನೋಟಿಫಿಕೇಷನ್ ಪಟ್ಟಿಯಿಂದ ಆ ಸೈಟನ್ನು ತೆಗೆದರೆ ಅದು ನಿಲ್ಲುತ್ತದೆ. ಫೋನ್ ನಂಬರ್ ತೋರಿಸಿ 'ಈಗಲೇ ಕರೆ ಮಾಡಿ' ಎನ್ನುವ ಎಚ್ಚರಿಕೆಯಂತೂ ಶುದ್ಧ ಮೋಸ, ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ನಂಬರ್ ಹಾಕುವುದಿಲ್ಲ. ಕರೆ ಮಾಡಿ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ಮಾಡಬೇಕಾದ್ದು ಹೆಚ್ಚೇನಿಲ್ಲ. ಅಡ್ಮಿನಿಸ್ಟ್ರೇಟರ್ ಅಕೌಂಟ್ ಮನೆಯ ಹಿರಿಯರೊಬ್ಬರ ಇಮೇಲಿನಲ್ಲಿ, ಅವರದೇ ಮೊಬೈಲ್ ನಂಬರಿನ ಜೊತೆ ಇರಲಿ. ಉಳಿದವರಿಗೆ ಒಬ್ಬೊಬ್ಬರಿಗೆ ಒಂದು ಸ್ಟ್ಯಾಂಡರ್ಡ್ ಅಕೌಂಟ್. ಬಿಟ್‌ಲಾಕರ್ ಕೀಲಿಯನ್ನು ಕಾಗದದಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಬೀರುವಿನಲ್ಲಿಡಿ. ಕೋವಿಡ್ ಕಾಲದ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಆಮೇಲಿನ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯಲೂ ನಮ್ಮಲ್ಲಿ ಬೇಕಾಗಿರುವುದು ಅದೇ ಮೈಕ್ರೋಸಾಫ್ಟ್ ಅಕೌಂಟ್.

ಅಂಗಡಿಯವರಲ್ಲಿ ಒಂದು ವಿನಂತಿ. ಹೊಸ ಲ್ಯಾಪ್‌ಟಾಪ್ ಸಿದ್ಧಮಾಡುವಾಗ ನಿಮ್ಮ ಇಮೇಲ್ ಹಾಕಬೇಡಿ. ಗಿರಾಕಿಯನ್ನು ಹತ್ತು ನಿಮಿಷ ಕೂರಿಸಿ, ಅವರದೇ ಅಕೌಂಟ್ ಮಾಡಿಸಿ. ಅದಕ್ಕೆ ಬೇಕಾದರೆ ನೂರು ರೂಪಾಯಿ ಜಾಸ್ತಿ ತೆಗೆದುಕೊಳ್ಳಿ.