ತರಗತಿಯ ಪಾಠ, ಡೆಸ್ಕಿನ ಪಾಠ

ಪತ್ರಿಕೋದ್ಯಮ ಓದುವವರಿಗೆ ಎರಡು ಕಡೆಯಿಂದಲೂ ಮಾತು ಕೇಳುವುದು ತಪ್ಪದು. ‘ಕ್ಲಾಸಲ್ಲಿ ಅದೇನು ಕಲಿಸ್ತಾರೋ, ಒಂದು ಕಾಪಿ ನೆಟ್ಟಗೆ ಬರೆಯಲು ಬರಲ್ಲ’ ಎನ್ನುವುದು ಸುದ್ದಿಮನೆಯವರ ಮಾತು. ಕಾಪಿ ಬರೆಯುವುದನ್ನು ಯಾರಾದರೂ ಆರು ತಿಂಗಳಲ್ಲಿ ಕಲಿಯಬಹುದು, ಯೋಚಿಸುವುದನ್ನು ಇಲ್ಲೇ ಕಲಿಯಬೇಕು ಎನ್ನುವುದು ಅಧ್ಯಾಪಕರ ವಾದ. ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿರುವ ನನಗೆ ಇಬ್ಬರ ಮಾತಿನಲ್ಲೂ ಹುರುಳು ಕಾಣುತ್ತದೆ.

ಸುದ್ದಿಮನೆಯವರ ದೂರನ್ನೇ ಮೊದಲು ನೋಡೋಣ. ಸಂವಹನ ಸಿದ್ಧಾಂತದ ಪಾಠದಲ್ಲಿ ಲಾಸ್ವೆಲ್ 1948ರಲ್ಲಿ ಕೇಳಿದ ಪ್ರಶ್ನೆ, ಶಾನನ್ ಮತ್ತು ವೀವರ್ ಮಾದರಿಯ ಬಾಣದ ಗುರುತುಗಳು, 1956ರಲ್ಲಿ ಸೀಬರ್ಟ್, ಪೀಟರ್ಸನ್, ಶ್ರಾಮ್ ಬರೆದ ನಾಲ್ಕು ಪತ್ರಿಕಾ ಸಿದ್ಧಾಂತಗಳು ಸಾಲಾಗಿ ಬರುತ್ತವೆ. ನಾಲ್ಕರಲ್ಲಿ ಒಂದು ಸೋವಿಯತ್ ಸಿದ್ಧಾಂತ. ಆ ದೇಶ 1991ರಲ್ಲೇ ಇಲ್ಲವಾಯಿತು. ನಮ್ಮ ನೋಟ್ಸಿನಲ್ಲಿ ಮಾತ್ರ ಅಲ್ಲಿ ಪತ್ರಿಕೆಗಳು ಇಂದಿಗೂ ಪಕ್ಷದ ಅಧೀನದಲ್ಲಿ ‘ಇರುತ್ತವೆ’. ಶೀತಲ ಸಮರದ ಕಾಲದ ಅಮೆರಿಕದಲ್ಲಿ ಕೂತು ಬರೆದ ಪುಸ್ತಕ ಇದು ಎಂದು ಒಂದು ಮಾತು ಸೇರಿಸಿದ್ದರೂ ಪಾಠಕ್ಕೆ ಜೀವ ಬರುತ್ತಿತ್ತು.

ವರದಿಗಾರಿಕೆಯ ಪರೀಕ್ಷೆಯಲ್ಲೂ ಇದೇ ಕತೆ. ‘ವರದಿಗಾರನ ಗುಣಲಕ್ಷಣಗಳನ್ನು ವಿವರಿಸಿ’ ಎಂಬುದಕ್ಕೆ ಹತ್ತು ಅಂಕ. ಒಬ್ಬರಿಗೂ ಫೋನ್ ಮಾಡದೆ, ಒಂದು ಕಚೇರಿಯ ಮೆಟ್ಟಿಲೂ ಹತ್ತದೆ ಅಷ್ಟೂ ಅಂಕ ತೆಗೆಯಬಹುದು. ಅಸೈನ್‌ಮೆಂಟ್‌ಗಳನ್ನು ಸ್ಪೈರಲ್ ಬೈಂಡ್ ಮಾಡಿಸಿ ಕೊಡುತ್ತೇವೆ. ಅವು ಒಂದು ಟಿಕ್ ಗುರುತು, ಒಂದು ಅಂಕ ಹೊತ್ತು ಹಿಂದಿರುಗುತ್ತವೆ, ಅದೂ ಹಿಂದಿರುಗಿದರೆ.

ಆದರೆ ಸಿದ್ಧಾಂತವೆಲ್ಲ ವ್ಯರ್ಥ ಎಂದು ನಾನು ಒಪ್ಪುವುದಿಲ್ಲ. ಇಂಟರ್ನ್‌ಶಿಪ್ಪಿಗೆ ಒಂದು ಪತ್ರಿಕೆಯ ಡೆಸ್ಕಿಗೆ ಹೋದ ದಿನ ಮುಖ್ಯ ಉಪಸಂಪಾದಕರು, ‘ಏನಮ್ಮಾ, ಜರ್ನಲಿಸಂ ತಾನೆ? ಓದಿದ್ದನ್ನೆಲ್ಲ ಗೇಟಿನ ಹೊರಗೆ ಬಿಟ್ಟು ಬಾ’ ಎಂದಿದ್ದರು. ಕೆಲವು ದಿನಗಳ ಬಳಿಕ ತಾಲ್ಲೂಕಿನಿಂದ ಬಾಲಕಿಯೊಬ್ಬಳ ಮೇಲಿನ ಲೈಂಗಿಕ ದೌರ್ಜನ್ಯದ ವರದಿ ಬಂತು. ಹೆಸರಿರಲಿಲ್ಲ, ಆದರೆ ಊರು, ಶಾಲೆ, ಎಷ್ಟನೇ ತರಗತಿ, ತಂದೆಯ ಅಂಗಡಿ ಎಲ್ಲ ಇತ್ತು. ಹೆಸರು ತೆಗೆದರೆ ಸಾಕು ಎಂಬುದು ಅಲ್ಲಿನ ರೂಢಿ. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರನ್ನಷ್ಟೇ ಅಲ್ಲ, ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಹೀಗೆ ಮಗುವಿನ ಗುರುತು ಸಿಗುವಂಥ ಯಾವುದನ್ನೂ ಪ್ರಕಟಿಸಬಾರದು ಎನ್ನುತ್ತದೆ. ಮಾಧ್ಯಮ ಕಾನೂನಿನ ತರಗತಿಯಲ್ಲಿ ಆಕಳಿಸುತ್ತ ಬರೆದುಕೊಂಡದ್ದು ನೆನಪಾಯಿತು. ಹೇಳಿದೆ. ಅವರು ತಕರಾರಿಲ್ಲದೆ ಆ ಸಾಲುಗಳನ್ನೆಲ್ಲ ಹೊಡೆದುಹಾಕಿದರು.

ಆಮೇಲೆ ಅವರು ವರದಿಗಾರರಿಗೆ ಫೋನ್ ಮಾಡಿ ಕೇಳಿದ ಪ್ರಶ್ನೆ ಯಾವ ತರಗತಿಯಲ್ಲೂ ನನ್ನ ಕಿವಿಗೆ ಬಿದ್ದಿರಲಿಲ್ಲ: ‘ಮನೆಯವರು ಠಾಣೆಗೆ ಹೋದದ್ದು ಯಾವತ್ತು, ಎಫ್‌ಐಆರ್ ಆದದ್ದು ಯಾವತ್ತು?’ ನಡುವೆ ಹಲವು ದಿನಗಳ ಅಂತರವಿತ್ತು. ಆರೋಪಿಯ ಬಂಧನದ ಸುದ್ದಿಯಾಗಿ ಬಂದದ್ದು ಪೊಲೀಸರ ವಿಳಂಬದ ಸುದ್ದಿಯಾಗಿ ಅಚ್ಚಾಯಿತು. ಒಂದೇ ಕಾಪಿಯಲ್ಲಿ ತರಗತಿ ಒಂದು ಲೋಪ ತಡೆಯಿತು, ಡೆಸ್ಕಿನ ಅನುಭವ ನಿಜವಾದ ಸುದ್ದಿಯನ್ನು ಹೊರತೆಗೆಯಿತು.

ಹಾಗೆಂದು ಡೆಸ್ಕನ್ನೇ ಗುರುಕುಲ ಮಾಡಿಕೊಳ್ಳುವಂತಿಲ್ಲ. ಅಲ್ಲಿ ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ನಾನು ಬರೆದ ಲೀಡ್ ಬದಲಾದರೆ ಏಕೆಂದು ಕೇಳುವಷ್ಟರಲ್ಲಿ ಪುಟ ಪ್ರೆಸ್ಸಿಗೆ ಹೋಗಿರುತ್ತದೆ. ಮರುದಿನ ನನ್ನ ಕಾಪಿಯನ್ನೂ ಅಚ್ಚಾದದ್ದನ್ನೂ ಪಕ್ಕಪಕ್ಕ ಇಟ್ಟುಕೊಂಡು ನಾನೇ ಊಹಿಸಿಕೊಳ್ಳಬೇಕು. ತಪ್ಪು ರೂಢಿಗಳೂ ಹಿರಿಯರಿಂದ ಕಿರಿಯರಿಗೆ ದಾಟುವುದು ಹೀಗೆಯೇ.

ಡಿಗ್ರಿ ಬೇಡ ಎನ್ನುವವರ ಬಾಯಲ್ಲಿ ಡಿ.ವಿ.ಜಿ. ಮತ್ತು ಲಂಕೇಶರ ಹೆಸರು ಸಿದ್ಧವಾಗಿರುತ್ತದೆ. ನಿಜ, ಡಿ.ವಿ.ಜಿ. ಮೆಟ್ರಿಕ್ ದಾಟಲಿಲ್ಲ, 1980ರಲ್ಲಿ ಪತ್ರಿಕೆ ಆರಂಭಿಸಿದ ಲಂಕೇಶ್ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಆದರೆ ಅವರ ಓದಿನ ಹರವನ್ನು ಕಂಡವರು ಈ ಉದಾಹರಣೆ ಕೊಡಲು ಹಿಂಜರಿಯಬೇಕು. ಅವರು ಬಿಟ್ಟದ್ದು ಪತ್ರಿಕೋದ್ಯಮದ ಪದವಿಯನ್ನು, ಓದನ್ನಲ್ಲ. ಇನ್ನೊಂದು ಕಡೆ, 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಶುರುಮಾಡಿದ ಪತ್ರಿಕೋದ್ಯಮ ವಿಭಾಗದಿಂದ ಕನ್ನಡದ ಸುದ್ದಿಮನೆಗಳಿಗೆ ಎಷ್ಟೋ ಜನ ಬಂದಿದ್ದಾರೆ. ಪದವಿ ಅವರನ್ನು ಕೆಡಿಸಿತೆಂದು ಯಾರೂ ಹೇಳಿದ್ದಿಲ್ಲ.

ನನ್ನ ಮಟ್ಟಿಗೆ ತಕರಾರು ಸಿದ್ಧಾಂತ ಹೆಚ್ಚಾಯಿತೆಂದಲ್ಲ, ತಿದ್ದುವುದು ಕಡಿಮೆಯಾಯಿತೆಂದು. ನಿವೃತ್ತ ಉಪಸಂಪಾದಕರೊಬ್ಬರು ಅತಿಥಿ ಉಪನ್ಯಾಸಕರಾಗಿ ಬರುತ್ತಿದ್ದರು. ಅವರಿಗೆ ನೋಟ್ಸ್ ಹೇಳಲು ಬರುತ್ತಿರಲಿಲ್ಲ. ನಮ್ಮ ವರದಿಯನ್ನು ಬೋರ್ಡಿನ ಮೇಲೆ ಬರೆಸಿ, ‘ಮಾನ್ಯ ಸಚಿವರ ಅಮೃತಹಸ್ತದಿಂದ’ ಎಂಬಲ್ಲಿಂದ ಅಳಿಸುತ್ತ ಬರುತ್ತಿದ್ದರು. ಕೊನೆಗೆ ಉಳಿದ ಮೂರು ಸಾಲೇ ಸುದ್ದಿ. ಅಂಥ ಪಾಠ ವಾರಕ್ಕೊಂದು ಮಾತ್ರ. ಎಲ್ಲರ ಕಾಪಿಯನ್ನೂ ಹೀಗೆ ತಿದ್ದಲು ಅಧ್ಯಾಪಕರ ಸಂಖ್ಯೆ ಸಾಲದು ಎಂಬುದು ಸಬೂಬಲ್ಲ, ವಸ್ತುಸ್ಥಿತಿ. ಖಾಲಿ ಹುದ್ದೆ ತುಂಬದೆ ಪಠ್ಯಕ್ರಮವನ್ನಷ್ಟೇ ಬದಲಿಸಿದರೆ ಪ್ರಯೋಜನವಿಲ್ಲ. ವಿಶ್ವವಿದ್ಯಾಲಯಗಳು ಕನಿಷ್ಠ ಇಷ್ಟು ಮಾಡಲಿ: ವರದಿಗಾರಿಕೆಗೆ ಮೂರು ಗಂಟೆಯ ಪರೀಕ್ಷೆ ಕೈಬಿಟ್ಟು, ವಿದ್ಯಾರ್ಥಿ ಬರೆದ ವರದಿ ಮತ್ತು ಅದನ್ನು ತಿದ್ದಿದ ಪ್ರತಿ ಎರಡನ್ನೂ ಸೇರಿಸಿ ಅಂಕ ಕೊಡಲಿ.