ಮುಟ್ಟು ನಿಲ್ಲುವ ವಯಸ್ಸು: ಆತುರ ಬೇಡ, ಅಲಕ್ಷ್ಯವೂ ಬೇಡ

ಡಿಸೆಂಬರ್ ತಿಂಗಳು, ಹತ್ತಿ ಬಿಡಿಸುವ ಕಾಲ. ಮಲ್ಲಟ ಕಡೆಯ 47 ವರ್ಷದ ರೈತ ಮಹಿಳೆಯೊಬ್ಬರು ಸೊಸೆಯನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದರು. ‘ಎದಿ ಹೊಡಕೋತದ್ರಿ, ರಾತ್ರಿ ನಿದ್ದಿ ಬರಂಗಿಲ್ಲ’ ಎಂದರು. ರಕ್ತದೊತ್ತಡ ಸ್ವಲ್ಪ ಹೆಚ್ಚಿತ್ತು, ಇಸಿಜಿ ಸರಿಯಾಗಿತ್ತು. ನಿದ್ರೆ ಮಾತ್ರೆ ಬರೆದುಕೊಟ್ಟು ಕಳಿಸಿದೆ. ಹದಿನೈದು ದಿನ ಬಿಟ್ಟು ಮತ್ತೆ ಬಂದಾಗ ಸೊಸೆಯೇ ಬಾಯಿಬಿಟ್ಟಳು: ‘ನಮ್ಮತ್ತಿಯವ್ರಿಗೆ ಮುಟ್ಟು ನಿಂತು ಏಳೆಂಟು ತಿಂಗಳಾತ್ರಿ. ಇಂಥ ಚಳ್ಯಾಗ ಹೊದಿಕಿ ಕಿತ್ತು ಒಗೀತಾರ. ಗರ್ಭಚೀಲ ತೆಗಿಸಿದ್ರ ಸರಿ ಹೋಗ್ತದ ಅಂತ ಓಣ್ಯಾಗ ಹೇಳ್ಯಾರ.’

ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ನಾನು ಕೇಳಿಯೇ ಇರಲಿಲ್ಲ. ಗಂಡಸು ಡಾಕ್ಟರ ಮುಂದೆ ಹೇಳಲು ಅವರಿಗೆ ನಾಚಿಕೆ. ಕೇಳಲು ನನಗೆ ಸಂಕೋಚ. ಈ ಎರಡರ ನಡುವೆ ಒಬ್ಬ ಹೆಣ್ಣುಮಗಳು ಬೇಡದ ಶಸ್ತ್ರಚಿಕಿತ್ಸೆಯ ಹೊಸ್ತಿಲವರೆಗೆ ಹೋಗಿದ್ದರು.

ಋತುಬಂಧ ರೋಗವಲ್ಲ. ಅಂಡಾಶಯಗಳು ವಯಸ್ಸಿಗೆ ತಕ್ಕಂತೆ ಈಸ್ಟ್ರೋಜನ್ ಹಾರ್ಮೋನ್ ಉತ್ಪಾದನೆಯನ್ನು ಕಡಿಮೆ ಮಾಡುತ್ತವೆ, ಮುಟ್ಟು ನಿಲ್ಲುತ್ತದೆ. ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ 45ರಿಂದ 50ರ ನಡುವೆ ಆಗುತ್ತದೆ. ಸತತ 12 ತಿಂಗಳು ಮುಟ್ಟು ಬರದಿದ್ದರೆ ಋತುಬಂಧವಾಯಿತೆಂದು ಅರ್ಥ. 45 ದಾಟಿದವರಲ್ಲಿ ಇದನ್ನು ತಿಳಿಯಲು ಸಾಮಾನ್ಯವಾಗಿ ದುಬಾರಿ ಹಾರ್ಮೋನ್ ಪರೀಕ್ಷೆಗಳು ಬೇಕಿಲ್ಲ. ಆದರೆ 40ಕ್ಕಿಂತ ಮೊದಲೇ ನಿಂತರೆ ಪರೀಕ್ಷೆ ಮಾಡಿಸಲೇಬೇಕು.

ರಾಯಚೂರಿನ ಬೇಸಿಗೆಯಲ್ಲಿ ಎಲ್ಲರೂ ಬೆವರುತ್ತಾರೆ. ಹಾಗಾದರೆ ಋತುಬಂಧದ ಉರಿಯನ್ನು ಗುರುತಿಸುವುದು ಹೇಗೆ? ಅದು ಎದೆಯಿಂದ ಕುತ್ತಿಗೆ, ಮುಖಕ್ಕೆ ಅಲೆಯಂತೆ ಏರಿ, ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಎದೆ ಬಡಿತ, ಬೆವರು ಜೊತೆಗೂಡುತ್ತವೆ. ಚಳಿಗಾಲದ ಬೆಳಗಿನ ಜಾವವೂ ಬಿಡದು. ನಿದ್ರೆ ಕೆಡುವುದು, ಸಿಟ್ಟು, ಕೀಲುನೋವು, ಜನನಾಂಗದ ಒಣಗುವಿಕೆ, ಉರಿಮೂತ್ರ ಇವೂ ಕಾಣಿಸಬಹುದು. ಆದರೆ ಎಲ್ಲವನ್ನೂ ಋತುಬಂಧದ ತಲೆಗೆ ಕಟ್ಟಬಾರದು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದೇ ವೇಷದಲ್ಲಿ ಬರುತ್ತವೆ.

ಇನ್ನು ಅಲಕ್ಷ್ಯದ ಮಾತು. ‘ನಿಲ್ಲುವ ಮುಂದೆ ಜಾಸ್ತಿ ಹೋಗೋದು ಸಹಜ’ ಎಂದು ತಿಂಗಳುಗಟ್ಟಲೆ ರಕ್ತ ಕಳೆದುಕೊಂಡು ಬಿಳಿಚಿಕೊಂಡು ಬರುವವರಿದ್ದಾರೆ. ಮುಟ್ಟಿನ ಅಂತರ ಹೆಚ್ಚಾಗುವುದು ಸಹಜ. ಗಡ್ಡೆಗಡ್ಡೆಯಾಗಿ ಹೋಗುವುದು, ಮುಟ್ಟುಗಳ ನಡುವೆ ಅಥವಾ ಲೈಂಗಿಕ ಸಂಪರ್ಕದ ನಂತರ ರಕ್ತ ಕಾಣುವುದು ಸಹಜವಲ್ಲ. ಮುಟ್ಟು ನಿಂತು ವರ್ಷವಾದ ಮೇಲೆ ಒಂದೇ ಒಂದು ಹನಿ ಕಂಡರೂ ತಡಮಾಡದೆ ಸ್ತ್ರೀರೋಗ ತಜ್ಞರ ಬಳಿ ಹೋಗಬೇಕು. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ. ಆದರೆ ಕೆಲವರಲ್ಲಿ ಅದು ಕ್ಯಾನ್ಸರಿನ ಮೊದಲ ಸೂಚನೆ. ಬೇಗ ತಿಳಿದರೆ ಗುಣಪಡಿಸಬಹುದು.

ಆತುರದ ಮಾತು ಇನ್ನೂ ಗಂಭೀರ. 2015ರಲ್ಲಿ ನಮ್ಮದೇ ಭಾಗದ ಕಲಬುರಗಿ ಜಿಲ್ಲೆಯ ಲಂಬಾಣಿ ಮತ್ತು ದಲಿತ ಮಹಿಳೆಯರು, ತಮ್ಮ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂದು ದೂರಿದ್ದು ರಾಜ್ಯದಾದ್ಯಂತ ಸುದ್ದಿಯಾಯಿತು. ಅವರಲ್ಲಿ ಎಷ್ಟೋ ಜನ 40 ದಾಟಿದವರಲ್ಲ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ಎಲ್ಲ ರಾಜ್ಯಗಳಿಗೆ ಆದೇಶಿಸಿತು.

ಗರ್ಭಕೋಶ ತೆಗೆಸಿದರೆ ಉರಿ ಹೋಗುವುದಿಲ್ಲ. ಅದರ ಜೊತೆ ಅಂಡಾಶಯಗಳನ್ನೂ ತೆಗೆದರೆ ಋತುಬಂಧ ಮರುದಿನವೇ ಎರಗುತ್ತದೆ. 35ರ ಹೆಣ್ಣುಮಗಳ ಮೂಳೆ, ಹೃದಯಗಳು ಅಕಾಲದಲ್ಲಿ ವಯಸ್ಸಾಗತೊಡಗುತ್ತವೆ. ಅಂಡಾಶಯ ಉಳಿಸಿದರೂ ಋತುಬಂಧ ಬೇಗ ಬರುವ ಸಂಭವವಿದೆ. ಕ್ಯಾನ್ಸರ್, ಔಷಧಿಗೆ ಬಗ್ಗದ ರಕ್ತಸ್ರಾವ, ದೊಡ್ಡ ಗಡ್ಡೆಗಳಂಥ ಕಾರಣಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದು ನಿಜ. ಆದರೆ ಬಿಳಿ ಸೆರಗು, ಸೊಂಟನೋವುಗಳಿಗಷ್ಟೇ ಬೇಡ. ‘ಇಂದೇ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂದು ಯಾರಾದರೂ ಹೆದರಿಸಿದರೆ, ರಿಪೋರ್ಟುಗಳನ್ನು ಕೈಯಲ್ಲಿ ಹಿಡಿದು ರಾಯಚೂರಿನ ರಿಮ್ಸ್‌ನಲ್ಲಿ ಅಥವಾ ಇನ್ನೊಬ್ಬ ತಜ್ಞರಲ್ಲಿ ಎರಡನೆಯ ಅಭಿಪ್ರಾಯ ಕೇಳಿ. ಅದು ನಿಮ್ಮ ಹಕ್ಕು.

ಚಿಕಿತ್ಸೆ ಏನು? ಬಹಳ ಜನರಿಗೆ ತಿಳಿವಳಿಕೆಯೇ ಅರ್ಧ ಚಿಕಿತ್ಸೆ. ತೆಳು ಹತ್ತಿ ಬಟ್ಟೆ ತೊಡಿ, ರಾತ್ರಿ ಖಾರ, ಚಹಾ ಕಡಿಮೆ ಮಾಡಿ, ತಂಬಾಕು ಬಿಡಿ. ದಿನವಿಡೀ ಹೊಲದಲ್ಲಿ ಬಗ್ಗುವವರಿಗೆ ‘ವಾಕಿಂಗ್ ಮಾಡಿ’ ಎನ್ನುವುದು ಹಾಸ್ಯವಾದೀತು. ಅವರಿಗೆ ಬೇಕಾದದ್ದು ವಿಶ್ರಾಂತಿ ಮತ್ತು ಊಟ. ರೊಟ್ಟಿಯ ಜೊತೆ ಸೊಪ್ಪು, ಬೇಳೆ, ಎಳ್ಳು, ಮೊಸರು ಅವರ ತಾಟಿಗೂ ಬೀಳಲಿ. ಉರಿ ವಿಪರೀತವಿದ್ದರೆ ಹಾರ್ಮೋನ್ ಚಿಕಿತ್ಸೆಯಿದೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರಿನ ಅಪಾಯವನ್ನು ಎತ್ತಿ ತೋರಿಸಿದ ಮೇಲೆ ವೈದ್ಯರೂ ಇದಕ್ಕೆ ಹೆದರಿದ್ದೆವು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚೆಂದು ಈಗ ತಿಳಿದಿದೆ. ಆದರೆ ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ತೊಂದರೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಸಲ್ಲದು. ಔಷಧಿ ಅಂಗಡಿಯಲ್ಲಿ ಕೇಳಿ ತಾವೇ ನುಂಗುವ ಮಾತ್ರೆ ಇದಲ್ಲ.

ನನ್ನ ವೃತ್ತಿಬಾಂಧವರಿಗೊಂದು ವಿನಂತಿ: 40 ದಾಟಿದ ಮಹಿಳೆ ಯಾವ ತೊಂದರೆಗೇ ಬರಲಿ, ಮುಟ್ಟಿನ ಬಗ್ಗೆ ಒಂದು ಮಾತು ಕೇಳಿ. ಗಂಡಂದಿರೇ, ಮಕ್ಕಳೇ, ನೀವೂ ‘ಆಕೆಗೆ ವಯಸ್ಸಾಯಿತು, ಸಿಟ್ಟು ಜಾಸ್ತಿ’ ಎಂದು ನಗುವ ಮೊದಲು ರಾತ್ರಿ ನಿದ್ದೆ ಬಂತೇ ಎಂದು ವಿಚಾರಿಸಿ.

ನಾನು ಹೇಳಿದ ಆ ಮಹಿಳೆಯ ನಿದ್ರೆ ಮಾತ್ರೆ ನಿಲ್ಲಿಸಿದೆ. ಬಿಪಿಗೆ ಔಷಧಿ, ಜೊತೆಗೆ ಒಂದಿಷ್ಟು ಧೈರ್ಯ ಕೊಟ್ಟೆ. ಉರಿ ಈಗಲೂ ಆಗಾಗ ಬರುತ್ತದಂತೆ. ‘ಬರ್ತದ, ಹೋಗ್ತದ, ಅಂಜಿಕಿ ಇಲ್ಲ’ ಎನ್ನುತ್ತಾರೆ. ಗರ್ಭಕೋಶ ಎಲ್ಲಿರಬೇಕೋ ಅಲ್ಲಿಯೇ ಇದೆ.